ತಪ್ಪು ಸರ್ವರ್‌ನಲ್ಲಿ ಡಿಲೀಟ್ ಒತ್ತುವ ಮುನ್ನ: ಡಿಬಿಎ, ಡೆವಲಪರ್‌ಗಳ ಕೈಯಲ್ಲಿ ಇರಬೇಕಾದ ಟೂಲ್‌ಗಳು

ಡೇಟಾಬೇಸ್ ಸರಿಯಾಗಿ ಓಡುತ್ತಿರುವಷ್ಟು ದಿನ ಅದನ್ನು ನೋಡಿಕೊಳ್ಳುವವರ ನೆನಪು ಯಾರಿಗೂ ಬರುವುದಿಲ್ಲ. ಫೋನ್ ಬರುವುದು ಅದು ನಿಂತಾಗ ಮಾತ್ರ, ಅದೂ ಸಾಮಾನ್ಯವಾಗಿ ಶುಕ್ರವಾರ ರಾತ್ರಿ. ಪುಣೆಯ ಹಿಂಜವಡಿ ಇರಲಿ, ಹೈದರಾಬಾದ್‌ನ ಗಚ್ಚಿಬೌಲಿ ಇರಲಿ, ಚೆನ್ನೈನ ಹಳೆ ಮಹಾಬಲಿಪುರಂ ರಸ್ತೆ ಇರಲಿ, ಆನ್ ಕಾಲ್ ಡ್ಯೂಟಿ ಮಾಡಿದ ಯಾರನ್ನೇ ಕೇಳಿದರೂ ಇದನ್ನೇ ಹೇಳುತ್ತಾರೆ.

ಡೇಟಾಬೇಸ್ ಅಡ್ಮಿನಿಸ್ಟ್ರೇಟರ್‌ಗಳಿಗೆ, ಅಂದರೆ ಡಿಬಿಎಗಳಿಗೆ, ಮತ್ತು ಡೆವಲಪರ್‌ಗಳಿಗೆ ಬೇಕಾದ ಸಾಫ್ಟ್‌ವೇರ್ ಟೂಲ್‌ಗಳು ನೂರಾರು ಇವೆ. ಹೆಚ್ಚಿನವು ಉಚಿತ. ಯಾವುದು ನೋಡಲು ಚೆನ್ನಾಗಿದೆ ಎನ್ನುವುದಕ್ಕಿಂತ, ಫೋನ್ ಬಂದ ಆ ರಾತ್ರಿ ಯಾವುದು ಕೈಹಿಡಿಯುತ್ತದೆ ಎಂದು ನೋಡಿ ಆರಿಸಿಕೊಳ್ಳುವುದು ಲೇಸು. ಅದಕ್ಕೆ 2017ರಲ್ಲಿ ನಡೆದ ಘಟನೆಯೊಂದು ಒಳ್ಳೆಯ ಪಾಠ.

ಗಿಟ್‌ಲ್ಯಾಬ್‌ನಲ್ಲಿ ಆ ರಾತ್ರಿ ಆಗಿದ್ದೇನು?

ಕೋಡ್ ಸಂಗ್ರಹಿಸಿಡುವ ತಾಣ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಡೇಟಾಬೇಸ್ ಮೇಲೆ ಒತ್ತಡ ಹೆಚ್ಚಿತ್ತು. ಮುಖ್ಯ ಸರ್ವರ್‌ನ ಪ್ರತಿಯಾಗಿದ್ದ ಎರಡನೇ ಸರ್ವರ್ ಹಿಂದೆ ಬಿದ್ದಿತ್ತು. ಅದನ್ನು ಮತ್ತೆ ಸಿದ್ಧಪಡಿಸಲು ಎಂಜಿನಿಯರ್ ಒಬ್ಬರು ಆ ಸರ್ವರ್‌ನಲ್ಲಿದ್ದ ಡೇಟಾ ಫೋಲ್ಡರ್ ಅಳಿಸಲು ಕಮಾಂಡ್ ಕೊಟ್ಟರು. ಆದರೆ ಕಮಾಂಡ್ ಕೊಟ್ಟಿದ್ದು ಮುಖ್ಯ ಸರ್ವರ್‌ನಲ್ಲಿ! ಒಂದೆರಡು ಸೆಕೆಂಡಿನಲ್ಲೇ ತಪ್ಪು ಗೊತ್ತಾಗಿ ನಿಲ್ಲಿಸಿದರಾದರೂ ಸುಮಾರು 300 ಜಿಬಿಯಲ್ಲಿ ಉಳಿದಿದ್ದು ಸುಮಾರು 4.5 ಜಿಬಿ ಮಾತ್ರ.

ನಿಜವಾದ ಆಘಾತ ಕಾದಿದ್ದು ಆಮೇಲೆ. ಬ್ಯಾಕಪ್ ಹುಡುಕಿದರೆ ಅದನ್ನು ಇಡುವ ಜಾಗ ಖಾಲಿ ಇತ್ತು. ಸರ್ವರ್ ಓಡುತ್ತಿದ್ದುದು ಪೋಸ್ಟ್‌ಗ್ರೆಸ್ 9.6ರಲ್ಲಿ, ಬ್ಯಾಕಪ್ ತೆಗೆಯುವ ಪಿಜಿ ಡಂಪ್ ಟೂಲ್ ಮಾತ್ರ 9.2 ಆವೃತ್ತಿಯದು. ಎರಡಕ್ಕೂ ಹೊಂದಾಣಿಕೆ ಆಗದೆ ಬ್ಯಾಕಪ್ ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲ್‌ಗಳೂ ದೃಢೀಕರಣದ ಸಮಸ್ಯೆಯಿಂದ ತಿರಸ್ಕೃತವಾಗುತ್ತಿದ್ದವು. ಹೀಗಾಗಿ ಯಾರಿಗೂ ಸುಳಿವೇ ಸಿಕ್ಕಿರಲಿಲ್ಲ.

ಕೊನೆಗೆ ಕಾಪಾಡಿದ್ದು, ಪರೀಕ್ಷೆಯ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಡಿಸ್ಕ್ ಸ್ನ್ಯಾಪ್‌ಶಾಟ್. ಅದರ ನಂತರ ಸೇರಿದ್ದ ಮಾಹಿತಿ ಮರಳಿ ಬರಲಿಲ್ಲ. ಸುಮಾರು 5,000 ಪ್ರಾಜೆಕ್ಟ್, 5,000 ಕಾಮೆಂಟ್, 700 ಹೊಸ ಖಾತೆಗಳಿಗೆ ಏಟು ಬಿದ್ದಿತು. ಸಂಸ್ಥೆ ಯಾವುದನ್ನೂ ಮುಚ್ಚಿಡಲಿಲ್ಲ. ಚೇತರಿಕೆ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು, ಆಮೇಲೆ ಪೂರ್ಣ ವರದಿಯನ್ನೂ ಪ್ರಕಟಿಸಿತು. ಇಂದಿಗೂ ಡಿಬಿಎಗಳು ಆ ವರದಿಯನ್ನು ಓದುತ್ತಾರೆ.

ಬ್ಯಾಕಪ್ ಇದೆ ಎನ್ನುವುದು ಬೇರೆ, ರೀಸ್ಟೋರ್ ಆಗುತ್ತದೆ ಎನ್ನುವುದು ಬೇರೆ

ಪೋಸ್ಟ್‌ಗ್ರೆಸ್ ಜೊತೆಯಲ್ಲೇ ಬರುವ ಪಿಜಿ ಡಂಪ್, ಮೈಎಸ್‌ಕ್ಯೂಎಲ್ ಜೊತೆ ಬರುವ ಮೈಎಸ್‌ಕ್ಯೂಎಲ್ ಡಂಪ್, ಎರಡೂ ನಂಬಿಕಸ್ಥ ಟೂಲ್‌ಗಳು. ಆದರೆ ಇವು ಕೊಡುವುದು ಒಂದು ಕ್ಷಣದ ಚಿತ್ರ ಮಾತ್ರ. ರಾತ್ರಿ 2 ಗಂಟೆಗೆ ಡಂಪ್ ತೆಗೆದಿದ್ದು, ಸಂಜೆ 5ಕ್ಕೆ ಟೇಬಲ್ ಅಳಿಸಿಹೋದರೆ ಮಧ್ಯದ 15 ಗಂಟೆಯ ಕೆಲಸ ಹೋದಂತೆಯೇ. ಸಂಜೆ 4.59ರ ಸ್ಥಿತಿಗೇ ಮರಳಬೇಕು ಎಂದಾದರೆ ಪೂರ್ಣ ಬ್ಯಾಕಪ್ ಜೊತೆಗೆ ಪ್ರತಿ ಬದಲಾವಣೆಯ ಲಾಗ್ ಕೂಡ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಈ ಕೆಲಸಕ್ಕೆ ಬಾರ್ಮನ್, ಪಿಜಿ ಬ್ಯಾಕ್‌ರೆಸ್ಟ್ ಇವೆ. ಮೈಎಸ್‌ಕ್ಯೂಎಲ್‌ನಲ್ಲಿ ಸರ್ವರ್ ನಿಲ್ಲಿಸದೆ ಬ್ಯಾಕಪ್ ತೆಗೆಯುವ ಪರ್ಕೋನಾ ಎಕ್ಸ್‌ಟ್ರಾಬ್ಯಾಕಪ್ ಇದ್ದು, ಬಿನ್‌ಲಾಗ್ ಫೈಲ್‌ಗಳನ್ನು ಅದರ ಜೊತೆ ಜೋಪಾನ ಮಾಡಬೇಕು. ಇಲ್ಲೂ ಆವೃತ್ತಿಯ ಹೊಂದಾಣಿಕೆ ಮುಖ್ಯ. ಮೈಎಸ್‌ಕ್ಯೂಎಲ್ 5.7ಕ್ಕೆ ಎಕ್ಸ್‌ಟ್ರಾಬ್ಯಾಕಪ್ 2.4, ಮೈಎಸ್‌ಕ್ಯೂಎಲ್ 8.0ಕ್ಕೆ ಎಕ್ಸ್‌ಟ್ರಾಬ್ಯಾಕಪ್ 8.0. ಒಂದರ ಜಾಗದಲ್ಲಿ ಇನ್ನೊಂದು ನಡೆಯದು.

ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಈ ವಿಷಯದಲ್ಲಿ ಅದೃಷ್ಟವಂತರು. ಸ್ವೀಡನ್‌ನ ಓಲಾ ಹಾಲೆನ್‌ಗ್ರೆನ್ ಬರೆದು ಉಚಿತವಾಗಿ ಕೊಟ್ಟಿರುವ ಮೆಂಟೆನೆನ್ಸ್ ಸ್ಕ್ರಿಪ್ಟ್‌ಗಳು ಬ್ಯಾಕಪ್, ಇಂಡೆಕ್ಸ್ ದುರಸ್ತಿ, ಡೇಟಾ ತಪಾಸಣೆ ಮೂರನ್ನೂ ನೋಡಿಕೊಳ್ಳುತ್ತವೆ. ಇದಕ್ಕಿಂತ ಒಂದು ಹೆಜ್ಜೆ ಮುಂದಿರುವುದು ಡಿಬಿಎ ಟೂಲ್ಸ್ ಎಂಬ ಪವರ್‌ಶೆಲ್ ಸಂಗ್ರಹ. ಇದರಲ್ಲಿ ‘ಟೆಸ್ಟ್ ಡಿಬಿಎ ಲಾಸ್ಟ್ ಬ್ಯಾಕಪ್’ ಎಂಬ ಕಮಾಂಡ್ ಇದೆ. ಅದು ಕೊನೆಯ ಬ್ಯಾಕಪ್ಪನ್ನು ತಾನೇ ಬೇರೆ ಹೆಸರಿನಲ್ಲಿ ರೀಸ್ಟೋರ್ ಮಾಡಿ, ಡೇಟಾ ಸರಿಯಿದೆಯೇ ಎಂದು ತಪಾಸಣೆ ಮಾಡಿ, ಬಳಿಕ ಆ ಪ್ರತಿಯನ್ನು ಅಳಿಸಿ ವರದಿ ಕೊಡುತ್ತದೆ. ವಾರಕ್ಕೊಮ್ಮೆ ಇದನ್ನು ಪರೀಕ್ಷಾ ಸರ್ವರ್ ಮೇಲೆ ಓಡಿಸುವಂತೆ ಶೆಡ್ಯೂಲ್ ಮಾಡಿದರೆ ಸಾಕು, ಗಿಟ್‌ಲ್ಯಾಬ್‌ನಲ್ಲಿ ಕಾಣದೇ ಉಳಿದಂಥ ದೋಷ ಇಲ್ಲಿ ಕಣ್ಣಿಗೆ ಬೀಳುತ್ತದೆ.

ಉಳಿದ ಡೇಟಾಬೇಸ್‌ಗಳಲ್ಲಿ ಈ ಕೆಲಸಕ್ಕೆ ಹತ್ತಿಪ್ಪತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದುಕೊಂಡರೆ ಆಯಿತು. ಖಾಲಿ ಸರ್ವರ್‌ಗೆ ರೀಸ್ಟೋರ್ ಮಾಡಿ, ಮುಖ್ಯ ಟೇಬಲ್‌ಗಳ ಸಾಲುಗಳನ್ನು ಎಣಿಸಿ, ಕೊನೆಯ ನಮೂದಿನ ದಿನಾಂಕ ನೋಡಿ. ಕೆಲಸ ಸರಿಯಾಗಿ ಮುಗಿದಾಗಲೂ ಸಂದೇಶ ಬರುವಂತೆ ಮಾಡಿಕೊಳ್ಳಿ. ವಿಫಲವಾದಾಗ ಮಾತ್ರ ಬರುವ ಇಮೇಲ್ ಬರದಿದ್ದರೆ ಎಲ್ಲವೂ ಸರಿಯಿದೆಯೋ, ಇಮೇಲೇ ಕೆಟ್ಟಿದೆಯೋ ಗೊತ್ತಾಗುವುದಿಲ್ಲವಲ್ಲ!

ಪರದೆಗೆ ಬಣ್ಣ ಹಚ್ಚಿ

ದಿನವಿಡೀ ಕಣ್ಣೆದುರು ಇರುವುದು ಕ್ವೆರಿ ಬರೆಯುವ ಕ್ಲೈಂಟ್ ಟೂಲ್. ಇದರಲ್ಲಿ ಆಯ್ಕೆ ಬಹಳ. ಒರಾಕಲ್ ಕೆಲಸದಲ್ಲಿ ಪಳಗಿದವರಿಗೆ 1990ರ ದಶಕದ ಟೋಡ್ ಇಂದಿಗೂ ಕೈಬಿಡಲಾಗದ ಟೂಲ್. ಆದರೆ ಅದಕ್ಕೆ ಹಣ ಕೊಡಬೇಕು. ಬೇಡವಾದರೆ ಒರಾಕಲ್ ಕಂಪನಿಯದ್ದೇ ಆದ ಎಸ್‌ಕ್ಯೂಎಲ್ ಡೆವಲಪರ್ ಉಚಿತ. ಮರಿಯಾಡಿಬಿಯನ್ನು ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಹೈಡಿಎಸ್‌ಕ್ಯೂಎಲ್ ಜೊತೆಯಲ್ಲೇ ಬರುತ್ತದೆ. ಹಗುರ, ವೇಗ. ಹೋಸ್ಟಿಂಗ್ ಕಂಪನಿಗಳ ಕಂಟ್ರೋಲ್ ಪ್ಯಾನೆಲ್ ಬಳಸಿದವರಿಗೆ 1998ರಲ್ಲಿ ಶುರುವಾದ ಪಿಎಚ್‌ಪಿ ಮೈಅಡ್ಮಿನ್ ಗೊತ್ತೇ ಇರುತ್ತದೆ. ಅದೇ ಕೆಲಸವನ್ನು ಒಂದೇ ಒಂದು ಪಿಎಚ್‌ಪಿ ಫೈಲ್‌ನಲ್ಲಿ ಮಾಡುವುದು ಅಡ್ಮಿನರ್. ಇವೆರಡನ್ನೂ ಇಂಟರ್‌ನೆಟ್‌ಗೆ ತೆರೆದಿಟ್ಟು ಮರೆಯಬಾರದು. ಸುಲಭದ ಬಾಗಿಲು ಹುಡುಕುವವರು ಮೊದಲು ತಟ್ಟುವುದೇ ಇಂಥ ವಿಳಾಸಗಳನ್ನು.

ಒಂದೇ ಪ್ರಾಜೆಕ್ಟ್‌ನಲ್ಲಿ ಮೂರು ನಾಲ್ಕು ಬಗೆಯ ಡೇಟಾಬೇಸ್ ಮುಟ್ಟಬೇಕಾದವರಿಗೆ ಡಿಬೀವರ್ ಹೆಚ್ಚು ಅನುಕೂಲ. ಇದರ ಕಮ್ಯುನಿಟಿ ಆವೃತ್ತಿ ಉಚಿತ ಮತ್ತು ಓಪನ್ ಸೋರ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ದೊಡ್ಡ ಟೂಲ್ ಆದ್ದರಿಂದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಸ್ವಲ್ಪ ಏದುಸಿರು ಬಿಡುತ್ತದೆ ಎನ್ನುವುದು ಬಿಟ್ಟರೆ ದೂರು ಹೇಳುವಂಥದ್ದು ಕಡಿಮೆ.

ಡಿಬೀವರ್‌ನ ಒಂದು ಸಣ್ಣ ಸೌಲಭ್ಯವನ್ನು ಬಹಳ ಜನ ಗಮನಿಸುವುದೇ ಇಲ್ಲ. ಪ್ರತಿ ಕನೆಕ್ಷನ್‌ಗೆ ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್ ಎಂದು ಗುರುತು ಹಾಕಿ ಬೇರೆ ಬೇರೆ ಬಣ್ಣ ಕೊಡಬಹುದು. ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲೂ ಕನೆಕ್ಷನ್ ಕೊಡುವಾಗ ಕೆಳಗಿನ ಪಟ್ಟಿಗೆ ಬಣ್ಣ ಆರಿಸುವ ಅವಕಾಶ ಇದೆ. ಗಿಟ್‌ಲ್ಯಾಬ್ ಘಟನೆಯ ಬಳಿಕ ಅಲ್ಲಿನ ತಂಡ ಬರೆದುಕೊಂಡ ಕೆಲಸಗಳ ಪಟ್ಟಿಯಲ್ಲೂ ಇದು ಇತ್ತು: ಟರ್ಮಿನಲ್‌ನಲ್ಲಿ ಪ್ರೊಡಕ್ಷನ್‌ಗೆ ಕೆಂಪು, ಪರೀಕ್ಷಾ ಸರ್ವರ್‌ಗೆ ಹಳದಿ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಸರ್ವರ್ ಹೆಸರು ಓದುವವರು ಯಾರು? ಕೆಂಪು ಪಟ್ಟಿ ಮಾತ್ರ ಕಾಣದೇ ಇರದು.

ಟರ್ಮಿನಲ್‌ನಲ್ಲೇ ಕೆಲಸ ಮಾಡುವವರಿಗೂ ಕಡಿವಾಣ ಇದೆ. ಮೈಎಸ್‌ಕ್ಯೂಎಲ್‌ನ ಕಮಾಂಡ್ ಲೈನ್ ಕ್ಲೈಂಟ್‌ನಲ್ಲಿ ‘ಸೇಫ್ ಅಪ್‌ಡೇಟ್ಸ್’ ಎಂಬ ಆಯ್ಕೆ ಚಾಲೂ ಮಾಡಿದರೆ, ಯಾವ ಸಾಲು ಎಂದು ಕೀ ಕಾಲಂ ಮೂಲಕವೋ ಲಿಮಿಟ್ ಮೂಲಕವೋ ಹೇಳದ ಅಪ್‌ಡೇಟ್, ಡಿಲೀಟ್ ಕಮಾಂಡ್‌ಗಳನ್ನು ಅದು ಒಪ್ಪುವುದೇ ಇಲ್ಲ. ಅಂದಹಾಗೆ ಇದೇ ಆಯ್ಕೆಗೆ ಮೈಎಸ್‌ಕ್ಯೂಎಲ್ ಇಟ್ಟಿರುವ ಇನ್ನೊಂದು ಅಧಿಕೃತ ಹೆಸರು ‘ಐ ಆ್ಯಮ್ ಎ ಡಮ್ಮಿ’, ಅಂದರೆ ನಾನೊಬ್ಬ ದಡ್ಡ! ತಮಾಷೆಯ ಹೆಸರು, ಆದರೆ ಅನುಭವಿಗಳೇ ಇದನ್ನು ಸೆಟ್ಟಿಂಗ್ಸ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನಲ್ಲಿ ಇದು ಮೊದಲೇ ಚಾಲೂ ಇರುತ್ತದೆ. ಹೊಸಬರನ್ನು ಕಾಡುವ 1175 ಎಂಬ ಎರರ್ ಬರುವುದು ಇದರಿಂದಲೇ. ಅದನ್ನು ಆಫ್ ಮಾಡುವುದು ಹೇಗೆ ಎಂದು ಹುಡುಕುವ ಮೊದಲು ಬರೆದ ಕ್ವೆರಿಯನ್ನು ಇನ್ನೊಮ್ಮೆ ಓದಿದರೆ ಒಳ್ಳೆಯದು.

ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್‌ನಲ್ಲಿ ಹಾಗೆ ತಡೆಯುವ ಆಯ್ಕೆ ಇಲ್ಲ. ಆಟೋಕಮಿಟ್ ಆಫ್ ಮಾಡಿ, ಎಷ್ಟು ಸಾಲು ಬದಲಾಯಿತು ಎಂದು ನೋಡಿ, ಆಮೇಲೆ ಕಮಿಟ್ ಅಥವಾ ರೋಲ್‌ಬ್ಯಾಕ್ ಕೊಡುವುದು ರೂಢಿ. ಪೋಸ್ಟ್‌ಗ್ರೆಸ್‌ನಲ್ಲಿ ತಪ್ಪಿ ಟೇಬಲ್ ಡ್ರಾಪ್ ಮಾಡಿದರೂ, ಟ್ರಾನ್ಸಾಕ್ಷನ್ ಒಳಗಿದ್ದರೆ ರೋಲ್‌ಬ್ಯಾಕ್ ಮಾಡಬಹುದು. ಮೈಎಸ್‌ಕ್ಯೂಎಲ್, ಒರಾಕಲ್‌ಗಳಲ್ಲಿ ಡ್ರಾಪ್, ಆಲ್ಟರ್ ಕಮಾಂಡ್‌ಗಳು ತಾವಾಗಿಯೇ ಕಮಿಟ್ ಆಗಿಬಿಡುತ್ತವೆ. ಒಂದರಲ್ಲಿ ಪಳಗಿ ಇನ್ನೊಂದಕ್ಕೆ ಹೋದವರು ಎಡವುವುದು ಇಲ್ಲೇ.

‘ಅಪ್ಲಿಕೇಷನ್ ಸ್ಲೋ ಆಗಿದೆ’

ಡಿಬಿಎ ಅತಿ ಹೆಚ್ಚು ಸಲ ಕೇಳುವ ಮಾತು ಇದು. ಈ ದೂರು ಬಂದಾಗ ಊಹೆ ಮೇಲೆ ಇಂಡೆಕ್ಸ್ ಹಾಕುವುದು ಕತ್ತಲಲ್ಲಿ ಕಲ್ಲು ಎಸೆದಂತೆ. ಈ ಕ್ಷಣ ಯಾವ ಕ್ವೆರಿ ಓಡುತ್ತಿದೆ, ಯಾರು ಯಾರನ್ನು ತಡೆದು ನಿಲ್ಲಿಸಿದ್ದಾರೆ ಎನ್ನುವುದು ಮೊದಲು ಗೊತ್ತಾಗಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಆಡಮ್ ಮಕ್ಯಾನಿಕ್ ಬರೆದ ‘ಎಸ್‌ಪಿ ಹೂ ಇಸ್ ಆಕ್ಟಿವ್’ ಎಂಬ ಪ್ರೊಸೀಜರ್ ಇದನ್ನು ಒಂದೇ ಪರದೆಯಲ್ಲಿ ತೋರಿಸುತ್ತದೆ. ಬ್ರೆಂಟ್ ಓಜಾರ್ ಅವರ ‘ಎಸ್‌ಪಿ ಬ್ಲಿಟ್ಜ್’ ಇಡೀ ಸರ್ವರ್‌ನ ಆರೋಗ್ಯ ತಪಾಸಣೆ ಮಾಡಿ, ತುರ್ತಿನ ಕ್ರಮದಲ್ಲಿ ಸಮಸ್ಯೆಗಳ ಪಟ್ಟಿ ಕೊಡುತ್ತದೆ. ಎರಡೂ ಉಚಿತ. ಹೊಸ ಕೆಲಸಕ್ಕೆ ಸೇರಿದವರು ತಮಗೆ ಒಪ್ಪಿಸಿದ ಸರ್ವರ್‌ನ ಸ್ಥಿತಿ ತಿಳಿಯಲು ಮೊದಲ ದಿನವೇ ಬ್ಲಿಟ್ಜ್ ಓಡಿಸುವುದುಂಟು. ಕೆಲವೊಮ್ಮೆ ಪಟ್ಟಿಯ ಮೇಲ್ಭಾಗದಲ್ಲೇ ಇಷ್ಟು ದಿನದಿಂದ ಬ್ಯಾಕಪ್ ಆಗಿಲ್ಲ ಎಂಬ ಎಚ್ಚರಿಕೆ ಕಾಣುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನದ ಕ್ವೆರಿಗಳನ್ನು ಬರೆದಿಡುವ ಸ್ಲೋ ಲಾಗ್ ಇದೆ. ಆದರೆ ಅದು ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿದರೂ ಅದರ ಮೂಲ ಮಿತಿ 10 ಸೆಕೆಂಡ್. ಎರಡು ಸೆಕೆಂಡ್ ತಗಲುವ ಕ್ವೆರಿಯೊಂದು ಗಂಟೆಗೆ ಸಾವಿರ ಸಲ ಓಡುತ್ತಿದ್ದರೆ ಒಟ್ಟು 2,000 ಸೆಕೆಂಡ್ ಹೋಗುತ್ತದೆ, ಲಾಗ್‌ನಲ್ಲಿ ಮಾತ್ರ ಒಂದು ಸಾಲೂ ಕಾಣದು. ದಿನಕ್ಕೊಮ್ಮೆ ಓಡುವ 12 ಸೆಕೆಂಡಿನ ರಿಪೋರ್ಟ್ ಕ್ವೆರಿ ಮಾತ್ರ ಅಪರಾಧಿಯಂತೆ ನಿಲ್ಲುತ್ತದೆ! ಮಿತಿಯನ್ನು ಇಳಿಸಿ, ಬಂದ ಲಾಗನ್ನು ಪರ್ಕೋನಾ ಟೂಲ್‌ಕಿಟ್‌ನ ‘ಪಿಟಿ ಕ್ವೆರಿ ಡೈಜೆಸ್ಟ್’ಗೆ ಕೊಟ್ಟರೆ, ಒಂದೇ ಬಗೆಯ ಕ್ವೆರಿಗಳನ್ನೆಲ್ಲ ಒಟ್ಟುಗೂಡಿಸಿ, ಒಟ್ಟು ಸಮಯ ತಿಂದವರು ಯಾರು ಎಂದು ಕ್ರಮವಾಗಿ ಜೋಡಿಸಿಕೊಡುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಲೆಕ್ಕ ಕೊಡುವುದು ‘ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್’ ಎಂಬ ಎಕ್ಸ್‌ಟೆನ್ಷನ್. ಇದನ್ನು ಚಾಲೂ ಮಾಡಲು ಸರ್ವರ್ ರೀಸ್ಟಾರ್ಟ್ ಬೇಕು. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವಂತಾಗಬಾರದು ಎಂದರೆ ಹೊಸ ಸರ್ವರ್ ಕಟ್ಟುವ ದಿನವೇ ಹಾಕಿಡಬೇಕು. ಸರ್ವರ್ ಲಾಗ್‌ಗಳನ್ನು ಓದಿ ಗ್ರಾಫ್ ಸಹಿತ ವರದಿ ಮಾಡಿಕೊಡುವ ಪಿಜಿ ಬ್ಯಾಡ್ಜರ್ ಕೂಡ ಜೊತೆಗಿರಲಿ.

ಯಾವ ಕ್ವೆರಿ ಎಂದು ಗೊತ್ತಾದ ಮೇಲೆ ಎಕ್ಸ್‌ಪ್ಲೇನ್. ಇದು ಎಲ್ಲ ಡೇಟಾಬೇಸ್‌ನಲ್ಲೂ ಒಂದಲ್ಲ ಒಂದು ರೂಪದಲ್ಲಿದೆ. ಒಂದು ಎಚ್ಚರಿಕೆ: ಪೋಸ್ಟ್‌ಗ್ರೆಸ್‌ನಲ್ಲಿ ಬರೀ ಎಕ್ಸ್‌ಪ್ಲೇನ್ ಅಂದಾಜು ಮಾತ್ರ ಹೇಳುತ್ತದೆ, ಎಕ್ಸ್‌ಪ್ಲೇನ್ ಅನಲೈಜ್ ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ. ಡಿಲೀಟ್ ಕಮಾಂಡ್ ಮುಂದೆ ಅದನ್ನು ಹಾಕಿದರೆ ಪ್ಲಾನ್ ಜೊತೆಗೆ ಸಾಲುಗಳೂ ಹೋಗುತ್ತವೆ.

ದೊಡ್ಡ ಟೇಬಲ್‌ಗೆ ಹೊಸ ಕಾಲಂ

ಕೋಟಿಗಟ್ಟಲೆ ಸಾಲುಗಳಿರುವ ಟೇಬಲ್‌ನ ರಚನೆ ಬದಲಿಸುವಾಗ ಅದು ಲಾಕ್ ಆಗಿ ಇಡೀ ಸೈಟ್ ನಿಲ್ಲುವ ಅಪಾಯ ಇರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ಎರಡು ಹೆಸರಾಂತ ಟೂಲ್‌ಗಳಿವೆ. ಪರ್ಕೋನಾದ ‘ಪಿಟಿ ಆನ್‌ಲೈನ್ ಸ್ಕೀಮಾ ಚೇಂಜ್’ ಹೊಸ ರಚನೆಯ ಖಾಲಿ ಟೇಬಲ್ ಮಾಡಿ, ಹಳೆಯದರಿಂದ ಸ್ವಲ್ಪಸ್ವಲ್ಪವೇ ನಕಲು ಮಾಡುತ್ತ, ನಡುವೆ ಆಗುವ ಬದಲಾವಣೆಗಳನ್ನು ಟ್ರಿಗರ್ ಮೂಲಕ ಹಿಡಿದು ಕೊನೆಗೆ ಹೆಸರು ಅದಲುಬದಲು ಮಾಡುತ್ತದೆ. 2016ರಲ್ಲಿ ಗಿಟ್‌ಹಬ್ ಬಿಡುಗಡೆ ಮಾಡಿದ ‘ಘೋಸ್ಟ್’ ಟ್ರಿಗರ್ ಬಳಸದೆ ಬಿನ್‌ಲಾಗ್ ಓದಿ ಅದೇ ಕೆಲಸ ಮಾಡುತ್ತದೆ. ಸರ್ವರ್ ಮೇಲೆ ಒತ್ತಡ ಹೆಚ್ಚಾದರೆ ಮಧ್ಯದಲ್ಲೇ ತಡೆಹಿಡಿಯಬಹುದು ಎನ್ನುವುದು ಇದರ ಅನುಕೂಲ.

ಯಾವ ಸರ್ವರ್‌ಗೆ ಯಾವ ಬದಲಾವಣೆ ಹೋಗಿದೆ ಎಂದು ಲೆಕ್ಕ ಇಡಲು ಫ್ಲೈವೇ, ಲಿಕ್ವಿಬೇಸ್ ಇವೆ. ನೆನಪಿನ ಮೇಲೆ, ವಾಟ್ಸ್‌ಆ್ಯಪ್ ಗ್ರೂಪಿನ ಸಂದೇಶದ ಮೇಲೆ ಈ ಲೆಕ್ಕ ನಡೆಯುವ ತಂಡಗಳು ಎರಡರಲ್ಲಿ ಯಾವುದನ್ನಾದರೂ ಹಿಡಿದುಕೊಳ್ಳಲಿ, ಅಡ್ಡಿಯಿಲ್ಲ.

ಕನ್ನಡದ ಹೆಸರು ‘????’ ಆದಾಗ

ಕನ್ನಡದಲ್ಲಿ ಹೆಸರು, ವಿಳಾಸ ಉಳಿಸುವ ಅಪ್ಲಿಕೇಷನ್ ಮಾಡುವವರಿಗೆ ಇನ್ನೊಂದು ಬಗೆಯ ತಲೆನೋವು. ಎಸ್‌ಕ್ಯೂಎಲ್ ಸರ್ವರ್‌ನ ಸಾಮಾನ್ಯ ವಾರ್‌ಚಾರ್ ಕಾಲಂಗೆ ಕನ್ನಡ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಕಾಲಂ ಎನ್‌ವಾರ್‌ಚಾರ್ ಆಗಿದ್ದರೂ, ಕ್ವೆರಿಯಲ್ಲಿ ಕನ್ನಡ ಪದದ ಹಿಂದೆ ‘ಎನ್’ ಅಕ್ಷರ ಬರೆಯದಿದ್ದರೆ ಫಲಿತಾಂಶ ಅದೇ. ಹೀಗೆ ಹೋದದ್ದು ಹೋದಂತೆಯೇ, ಪ್ರಶ್ನಾರ್ಥಕ ಚಿಹ್ನೆಯಿಂದ ಮೂಲ ಅಕ್ಷರವನ್ನು ಯಾವ ಟೂಲೂ ಮರಳಿ ತರಲಾರದು. 2019ರ ಆವೃತ್ತಿಯಿಂದ ಯುಟಿಎಫ್ 8 ಕೊಲೇಷನ್ ಬಂದಿದ್ದು, ಅದನ್ನು ಆರಿಸಿದ ವಾರ್‌ಚಾರ್ ಕಾಲಂನಲ್ಲಿ ಕನ್ನಡ ಕೂರುತ್ತದೆ.

ಪ್ರಶ್ನಾರ್ಥಕ ಚಿಹ್ನೆಯ ಬದಲು ತಲೆಮೇಲೆ ಗೆರೆ, ಚುಕ್ಕಿ ಇರುವ ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಆಸೆ ಇಟ್ಟುಕೊಳ್ಳಬಹುದು. ಬೈಟ್‌ಗಳು ಹಾಗೇ ಇದ್ದು, ಓದುವ ರೀತಿ ಮಾತ್ರ ತಪ್ಪಿರುವ ಸಾಧ್ಯತೆ ಹೆಚ್ಚು. ಮೈಎಸ್‌ಕ್ಯೂಎಲ್‌ನ ಹೆಕ್ಸ್ ಫಂಕ್ಷನ್ ಬಳಸಿ ಒಳಗೆ ಏನಿದೆ ಎಂದು ನೋಡಿಯೇ ದುರಸ್ತಿಗೆ ಇಳಿಯಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಒಂದು ಅಕ್ಷರಕ್ಕೆ ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಅಷ್ಟು ಸಾಕು, ಆದರೆ ಕನ್ನಡದ ಪಕ್ಕದಲ್ಲಿ ಒಂದು ಎಮೋಜಿ ಬಂತೋ, ಕಥೆ ಮುಗಿಯಿತು. ಅದಕ್ಕೆ ನಾಲ್ಕು ಬೈಟ್ ಬೇಕು. ಹಾಗಾಗಿ ‘ಯುಟಿಎಫ್8 ಎಂಬಿ4’ ಆರಿಸಿಕೊಳ್ಳುವುದೇ ಸರಿ. ಮೈಎಸ್‌ಕ್ಯೂಎಲ್ 8.0ರಲ್ಲಿ ಅದೇ ಮೂಲ ಆಯ್ಕೆ.

ಉದ್ದದ ಲೆಕ್ಕವೂ ಮೋಸ ಮಾಡುತ್ತದೆ. ‘ಶ್ರೀನಿವಾಸಮೂರ್ತಿ’ ಎಂಬ ಹೆಸರು ಕಣ್ಣಿಗೆ ಆರು ಅಕ್ಷರ. ಯುನಿಕೋಡ್‌ನಲ್ಲಿ ಒತ್ತು, ಗುಣಿತ ಸೇರಿ 15 ಸಂಕೇತ. ಒಂದೊಂದಕ್ಕೂ ಮೂರು ಬೈಟ್‌ನಂತೆ 45 ಬೈಟ್. ಒರಾಕಲ್‌ನಲ್ಲಿ ಕಾಲಂ ಉದ್ದವನ್ನು ಬೇರೆ ಏನೂ ಹೇಳದಿದ್ದರೆ ಬೈಟ್‌ನಲ್ಲೇ ಅಳೆಯಲಾಗುತ್ತದೆ. 30 ಎಂದು ಕೊಟ್ಟ ಕಾಲಂನಲ್ಲಿ ಈ ಹೆಸರು ಹಿಡಿಸುವುದಿಲ್ಲ, ಇಂಗ್ಲಿಷ್ ಹೆಸರುಗಳಲ್ಲಿ ಪರೀಕ್ಷೆ ಮಾಡಿದವರಿಗೆ ಅದು ಗೊತ್ತೂ ಆಗುವುದಿಲ್ಲ. ಉದ್ದ ಕೊಡುವಾಗ ‘ಚಾರ್’ ಎಂದು ಸೇರಿಸಿದರೆ ಬೈಟ್ ಬದಲು ಸಂಕೇತದ ಲೆಕ್ಕ ಹಿಡಿಯುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಹುಡುಕಾಟ. ‘ಕೊಪ್ಪಳ’ದ ‘ಕೊ’ ಅಕ್ಷರವನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಲು ಸಾಧ್ಯ. ಒಕಾರದ ಒಂದೇ ಸಂಕೇತ ಬಳಸಬಹುದು ಅಥವಾ ಎಕಾರ ಮತ್ತು ಊಕಾರದ ಎರಡು ಸಂಕೇತಗಳನ್ನು ಜೋಡಿಸಬಹುದು. ಪರದೆ ಮೇಲೆ ಎರಡೂ ಒಂದೇ. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಹೋಲಿಕೆಗೆ ಮಾತ್ರ ಬೇರೆ ಬೇರೆ. ದಾಖಲೆ ಇದ್ದರೂ ‘ಇಲ್ಲ’ ಎಂಬ ಉತ್ತರ ಬಂದರೆ ಕೌಂಟರ್ ಮುಂದೆ ನಿಂತವರ ಕಥೆ ಏನು? ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಜ್ ಫಂಕ್ಷನ್ ಇವೆರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಹುಡುಕುವಾಗ ಬಳಸುವುದಕ್ಕಿಂತ, ಡೇಟಾ ಒಳಗೆ ಬರುವಾಗಲೇ ಬಳಸಿದರೆ ಕೆಲಸ ಹಗುರ.

ಡೇಟಾಬೇಸ್‌ನಿಂದ ತೆಗೆದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಕಲಸುಮೇಲೋಗರ ಆದರೆ ಡೇಟಾ ಹಾಳಾಗಿದೆ ಎಂದು ಗಾಬರಿಯಾಗಬೇಕಿಲ್ಲ. ಡಿಬೀವರ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ‘ಬಿಒಎಂ’ ಸೇರಿಸುವ ಆಯ್ಕೆಗೆ ಟಿಕ್ ಹಾಕಿದರೆ ಎಕ್ಸೆಲ್ ಸರಿಯಾಗಿ ಓದುತ್ತದೆ.

ಲ್ಯಾಪ್‌ಟಾಪ್‌ಗೆ ಇಳಿಸಿದ ಪ್ರೊಡಕ್ಷನ್ ಡೇಟಾ

ಪರೀಕ್ಷೆಗೆಂದು ಗ್ರಾಹಕರ ನಿಜವಾದ ಡೇಟಾವನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವ ಅಭ್ಯಾಸ ಎಷ್ಟೋ ತಂಡಗಳಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಡೇಟಾ ಸೋರದಂತೆ ಸೂಕ್ತ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶ ಇದೆ. ಹೆಸರು, ಫೋನ್ ನಂಬರ್‌ಗಳನ್ನು ಮರೆಮಾಚಿ ಪ್ರತಿ ತೆಗೆಯಲು ಪೋಸ್ಟ್‌ಗ್ರೆಸ್‌ಗೆ ‘ಅನಾನಿಮೈಜರ್’ ಎಂಬ ಉಚಿತ ಎಕ್ಸ್‌ಟೆನ್ಷನ್ ಸಿಗುತ್ತದೆ. ಎಕ್ಸ್‌ಪ್ಲೇನ್ ಪ್ಲಾನ್‌ಗಳನ್ನು ಚಿತ್ರವಾಗಿ ತೋರಿಸುವ ಆನ್‌ಲೈನ್ ತಾಣಗಳಿಗೆ, ಎಐ ಚಾಟ್‌ಬಾಟ್‌ಗಳಿಗೆ ಕ್ವೆರಿ ಅಂಟಿಸುವ ಮುನ್ನವೂ ಅದರೊಳಗೆ ಯಾರದ್ದಾದರೂ ಪ್ಯಾನ್ ನಂಬರ್, ಫೋನ್ ನಂಬರ್ ಕೂತಿದೆಯೇ ಎಂದು ನೋಡಿಕೊಳ್ಳಬೇಕು.

ಇನ್ನು, ಅಜೂರ್ ಡೇಟಾ ಸ್ಟುಡಿಯೋಗೆ ಒಗ್ಗಿಕೊಂಡಿದ್ದವರಿಗೆ ಒಂದು ಮಾಹಿತಿ. ಈ ಟೂಲ್ ಅನ್ನು ನಿವೃತ್ತಿಗೊಳಿಸುವುದಾಗಿ ಮೈಕ್ರೋಸಾಫ್ಟ್ 2025ರ ಫೆಬ್ರವರಿಯಲ್ಲೇ ಪ್ರಕಟಿಸಿದ್ದು, ಬೆಂಬಲಕ್ಕೆ 2026ರ ಫೆಬ್ರವರಿ 28ರ ಗಡುವು ನೀಡಿತ್ತು. ಬದಲಿಗೆ ವಿಷುಯಲ್ ಸ್ಟುಡಿಯೋ ಕೋಡ್ ಮತ್ತು ಅದರ ಎಂಎಸ್‌ಎಸ್‌ಕ್ಯೂಎಲ್ ಎಕ್ಸ್‌ಟೆನ್ಷನ್ ಬಳಸಲು ಅದು ಸೂಚಿಸಿದೆ. ಉಳಿಸಿಟ್ಟ ಎಸ್‌ಕ್ಯೂಎಲ್ ಫೈಲ್‌ಗಳು ಅಲ್ಲಿಯೂ ಹಾಗೇ ತೆರೆಯುತ್ತವೆ.